ತೊಟ್ಟಿಲ ಕೌದಿಯ ನಾಲ್ಕನೆಯ ಅಂಚು

ನವೆಂಬರಿನ ಎರಡನೆಯ ಶನಿವಾರ, ಸಂಜೆ ಐದೂವರೆ. ಹೊಳೆನರಸೀಪುರದ ದೊಡ್ಡಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾನು ಒಂದು ತೊಟ್ಟಿಲ ಕೌದಿಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದೆ. ಮೂರು ಅಂಚುಗಳು ಒಂದು ಥರ ಇದ್ದವು, ನಾಲ್ಕನೆಯದು ಇನ್ನೊಂದು ಥರ. ಬಣ್ಣ ಅದೇ ಬದನೆಕಾಯಿ ಬಣ್ಣ. ಹೊಲಿಗೆ ಉಳಿದ ಮೂರಕ್ಕಿಂತ ಕೊಂಚ ಅಲೆಯಾಗಿತ್ತು, ಅಷ್ಟೇ. ಆದರೆ ಮೂರು ಅಂಚಿನ ಬಟ್ಟೆ ಹಳೆಯ ನೋಟಿನ ಹಾಗೆ ಮೆತ್ತಗಿತ್ತು. ನಾಲ್ಕನೆಯದಕ್ಕೆ ಮೈಯಲ್ಲಿ ಇನ್ನೂ ಕಸುವಿತ್ತು.

ಒಳಗೆ ದೊಡ್ಡಮ್ಮ ಕಾಫಿ ಸೋಸುತ್ತಿದ್ದಳು. ನಾನು ಕೌದಿಯನ್ನು ಇದ್ದ ಹಾಗೆಯೇ ಮಡಿಸಿಟ್ಟೆ. ಡೈರಿ ತೆಗೆದು ಒಂದು ಸಾಲು ಬರೆದೆ: ‘ನಾಲ್ಕನೆಯ ಅಂಚು ಬೇರೆ ಬಟ್ಟೆಯೇ? ಅನುಮಾನ.’

ಬರೆದಿಡುವುದು ನನ್ನ ಅಭ್ಯಾಸ. ಹಾಸನದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅಲ್ಲಿ ಬರೆಯದೆ ಬಿಟ್ಟ ಸಂಗತಿ ನಡೆದೇ ಇಲ್ಲ ಎಂದು ಲೆಕ್ಕ. ವಾರವೆಲ್ಲ ಹಾಸನದ ರೂಮಿನಲ್ಲಿರುತ್ತೇನೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ದೊಡ್ಡಮ್ಮನ ಮನೆಗೆ ಬರುತ್ತೇನೆ, ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ವಾಪಸ್. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ದೊಡ್ಡಪ್ಪ ತೀರಿಕೊಂಡು ಒಂಬತ್ತು ವರ್ಷ. ಆಮೇಲೆ ಅವಳು ಹಿಡಿದ ಕೆಲಸ ಕೌದಿ ಹೊಲಿಯುವುದು. ಹಳೆಯ ಸೀರೆ ತಂದು ಕೊಟ್ಟರೆ ಪದರ ಪದರವಾಗಿ ಹಾಸಿ, ಕೈಯಲ್ಲಿ ಸಾಲು ಹಾಕಿ, ಅಂಚನ್ನು ಮಷೀನಿನಲ್ಲಿ ಕಟ್ಟಿ ಕೊಡುತ್ತಾಳೆ. ಮಷೀನು ನಮ್ಮಜ್ಜಿಯದು. ಕಪ್ಪು ಮೈ, ಕಾಲಿನಿಂದ ತುಳಿಯುವಂಥದು, ಮೈಮೇಲಿನ ಚಿನ್ನದ ಬಣ್ಣದ ಬಳ್ಳಿ ಅರ್ಧ ಅಳಿಸಿದೆ.

ನಮ್ಮ ಕಡೆ ಹುಟ್ಟಿದ ಮಗುವನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದಿಲ್ಲ. ಮನೆಯ ಹಿರಿಯ ಹೆಂಗಸು ಉಟ್ಟು ಒಗೆದು ಮೆತ್ತಗೆ ಮಾಡಿದ ಸೀರೆಯ ಕೌದಿಯನ್ನೇ ತೊಟ್ಟಿಲಿಗೆ ಹಾಸುತ್ತಾರೆ. ಒಳಪದರ ಯಾವುದಾದರೂ ಇರಲಿ, ಕಣ್ಣಿಗೆ ಕಾಣುವ ಅಂಚು ಮಾತ್ರ ಅವಳದೇ ಆಗಿರಬೇಕು. ತೊಟ್ಟಿಲು ತೂಗಲು ಬಂದವರು ಅಂಚು ಮುಟ್ಟಿ ‘ಇದು ಯಾರ ಸೀರೆ’ ಎಂದು ಕೇಳುತ್ತಾರೆ. ಮನೆಯವರು ಹೆಸರು ಹೇಳುತ್ತಾರೆ.

ಈ ಕೌದಿ ಚನ್ನರಾಯಪಟ್ಟಣದ ಒಬ್ಬರು ಟೀಚರಮ್ಮನದು. ಅಕ್ಟೋಬರಿನ ಕೊನೆಯ ಭಾನುವಾರ ಅವರು ಬಂದಾಗ ನಾನೂ ಇದ್ದೆ. ಮಗಳಿಗೆ ಹೆಣ್ಣು ಮಗು. ಚೀಲದಿಂದ ಮೂರು ಹಳೆಯ ಸೀರೆ ತೆಗೆದು ಒಂದನ್ನು ಮಾತ್ರ ತೊಡೆಯ ಮೇಲೇ ಇಟ್ಟುಕೊಂಡರು. ಬದನೆಕಾಯಿ ಬಣ್ಣದ ಹತ್ತಿ ಸೀರೆ, ಮೈತುಂಬ ಬಿಳಿ ನೂಲಿನ ಸಣ್ಣ ಹೂವಿನ ಬುಟ್ಟ.

“ನಮ್ಮಮ್ಮನ್ದು ಉಳಿದಿರೋದು ಇದೊಂದೇ,” ಎಂದರು. “ಸುತ್ತಾ ಇದೇ ಬರ್ಬೇಕು. ನಾಲ್ಕು ಕಡೆನೂ.”

“ಬಂದೇ ಬತ್ತದೆ ಬುಡಿ ಟೀಚರಮ್ಮ.”

ಅವರು ಸೀರೆಯನ್ನು ಮಂಚದ ಮೇಲೆ ಹರಡಿ ಮೊಬೈಲಿನಲ್ಲಿ ಎರಡು ಫೋಟೊ ತೆಗೆದರು, ಮುಂಭಾಗ ಒಂದು, ಹಿಂಭಾಗ ಒಂದು. “ತಪ್ಪು ತಿಳ್ಕೋಬೇಡಿ. ಒಂದ್ಸಲ ಬೇರೆ ಕಡೆ ಕೊಟ್ಟು ಮೋಸ ಹೋಗಿದೀನಿ. ನನ್ನ ಮದುವೆ ಸೀರೆ ಅಂಚು ಅವರ ಮಗಳ ಲಂಗದಲ್ಲಿತ್ತು.”

ದೊಡ್ಡಮ್ಮ ನಕ್ಕಳು. ಆದರೆ ಆ ನಗು ತುಟಿಯಿಂದ ಆಚೆ ಹೋಗಲಿಲ್ಲ.

ಅದು ಯಾಕೆ ಎಂದು ನನಗೆ ಗೊತ್ತಿತ್ತು. ಅದರ ಹಿಂದಿನ ವಾರ ನಾನು ಅರಕಲಗೂಡಿಗೆ, ನಮ್ಮ ಮನೆಗೆ, ಹೋಗಿದ್ದೆ. ಅಟ್ಟ ಗುಡಿಸುವಾಗ ಅಜ್ಜಿಯ ಮಷೀನಿಗೆ ಸೇರಿದ ಒಂದು ತಗಡಿನ ಡಬ್ಬಿ ಸಿಕ್ಕಿತ್ತು. ಅದರಲ್ಲಿ ಹನ್ನೊಂದು ‘ಕಾಲು’ಗಳು. ಮಷೀನಿನ ಸೂಜಿಯ ಕೆಳಗೆ ಬಟ್ಟೆಯನ್ನು ಒತ್ತಿ ಹಿಡಿಯುವ ಲೋಹದ ತುಂಡಿಗೆ ಹೊಲಿಯುವವರು ಕಾಲು ಎನ್ನುತ್ತಾರೆ. ದಿನದ ಹೊಲಿಗೆಗೆ ಒಂದೇ ಕಾಲು ಸಾಕು. ಇವು ಬೇರೆ ಬೇರೆ ಕೆಲಸದವು. ಒಂದು ನೆರಿಗೆ ಕೂಡಿಸುವುದು, ಒಂದು ಅಂಚು ಸಣ್ಣಗೆ ಮಡಿಸುವುದು, ಕೆಲವು ಏನೆಂದು ಇನ್ನೂ ಗೊತ್ತಾಗಿಲ್ಲ. ಡಬ್ಬಿ ಒರೆಸುತ್ತ ಅಮ್ಮ ಹೇಳಿದಳು:

“ತಗೊಂಡೋಗಿ ಕೊಡು ನಿನ್ ದೊಡ್ಡಮ್ಮಂಗೆ. ಮಷೀನು ಅವಳ ಪಾಲಿಗೋಯ್ತು, ಡಬ್ಬಿ ನನ್ ಪಾಲಿಗ್ ಬಂತು. ಕೊಡೋವಾಗ ಎಣಿಸಿ ಕೊಡು.”

“ಎಣಿಸಿ ಯಾಕೆ?”

“ಹಿರೀಸಾವೆ ಕಡೆಯೋರೊಬ್ರು ಅವಳ ಕೈಗೆ ಸೀರೆ ಕೊಟ್ಟು, ಅರ್ಧ ಉಳಿಸ್ಕೊಂಬುಟ್ಲು ಅಂತ ಬೀದೀಲಿ ನಿಂತು ಕೂಗಾಡಿದ್ರು. ಆ ಬೀದಿ ಕೆಲ್ಸನೇ ನಿಂತೋಯ್ತು ಅವಳಿಗೆ.”

“ಉಳಿಸ್ಕೊಂಡಿದ್ಲಾ?”

“ನಾನೇನು ನೋಡಕ್ಕೋಗಿದ್ನಾ? ಬೆಂಕಿ ಇಲ್ದೆ ಹೊಗೆ ಆಡ್ತದಾ?”

ಅಕ್ಕತಂಗಿಯರ ಮಾತು ಎಂದು ನಾನು ಅದನ್ನು ಡೈರಿಗೆ ಹಾಕಿರಲಿಲ್ಲ. ಹಾಕದಿದ್ದರೂ ತಲೆಯಲ್ಲಿ ಉಳಿದಿತ್ತು.

ಆ ಹನ್ನೊಂದರಲ್ಲಿ ನನ್ನ ಕಣ್ಣು ಬಿದ್ದದ್ದು ಅಂಚು ಕಟ್ಟುವ ಕಾಲಿನ ಮೇಲೆ. ಮುಂದೆ ಹಿತ್ತಾಳೆಯ ತೆಳುವಾದ ಸುರುಳಿ, ಅದರ ನಡುವೆ ಒಂದು ಸೀಳು. ಅಂಚಿಗೆ ಹಾಕುವ ಬಟ್ಟೆಯ ಪಟ್ಟಿಯ ತುದಿಯನ್ನು ಸುರುಳಿಗೆ ತೂರಿಸಿದರೆ ಅದೇ ಎರಡೂ ಬದಿಯನ್ನು ಒಳಕ್ಕೆ ಮಡಿಸಿಕೊಂಡು ಬರುತ್ತದೆ. ಕೌದಿಯ ಅಂಚನ್ನು ಸೀಳಿಗೆ ಇಟ್ಟರೆ ಮೇಲೆ ಕೆಳಗೆ ಒಟ್ಟಿಗೆ ಹಿಡಿದು ಒಂದೇ ಹೊಲಿಗೆಯಲ್ಲಿ ಮುಗಿಸುತ್ತದೆ. ದೊಡ್ಡಮ್ಮನ ದಾರಿ ಬೇರೆ. ಮಾಮೂಲಿ ಕಾಲಿನಲ್ಲಿ ಒಂದು ಕಡೆ ಹೊಲಿದು, ಪಟ್ಟಿಯನ್ನು ಬೆರಳಿನಲ್ಲಿ ಮಡಿಸಿ ತಿರುಗಿಸಿ, ಮತ್ತೆ ಹೊಲಿಯುತ್ತಿದ್ದಳು. ಎರಡು ಸುತ್ತು, ಅರ್ಧ ದಿನದ ಕೆಲಸ. ಹೊಲಿಗೆ ಅಲ್ಲಲ್ಲಿ ಅಲೆಯಾಗುತ್ತಿತ್ತು. ನಾನು ರೂಮಿನಲ್ಲಿ ನಾಲ್ಕು ವೀಡಿಯೊ ನೋಡಿ, ಬೇಕಾದ ಅಳತೆಗಳನ್ನೆಲ್ಲ ಬರೆದುಕೊಂಡು ಬಂದಿದ್ದೆ.

ಡಬ್ಬಿ ಕೊಟ್ಟಾಗ ದೊಡ್ಡಮ್ಮ ಆ ಕಾಲನ್ನು ಬೆಳಕಿಗೆ ಹಿಡಿದು ನೋಡಿದಳು. “ಬಸವನಹುಳ ಇದ್ದಂಗದೆ. ಇದರ ಬಾಯಿ ನೋಡು, ಎಂಗೆ ಸುತ್ಕೊಂಡದೆ. ಒಳಗೋದ್ದು ಆಚಿಗ್ ಬತ್ತದಾ?”

“ಬರುತ್ತೆ ದೊಡ್ಡಮ್ಮ. ಅದಕ್ಕೇ ಮಾಡಿರೋದು.”

“ನಂಗ್ಯಾಕೋ ನಂಬ್ಕೆ ಇಲ್ಲ ಕಣವ್ವ. ಅಮ್ಮ ಇದನ್ನ ಯಾವತ್ತೂ ಆಕ್ಲಿಲ್ಲ. ಯಾಕಾಕ್ಲಿಲ್ಲ?”

ನಾನು ಅಳತೆ ಬರೆದುಕೊಂಡಿದ್ದ ಪುಟ ತೋರಿಸಿದೆ. ಹಠ ಹಿಡಿದೆ. ಕೊನೆಗೆ, “ಆಯ್ತು, ನಿನ್ ಹುಳಾನೇ ಆಕು,” ಎಂದು ಅವಳು ಪಕ್ಕಕ್ಕೆ ಸರಿದು ಕೂತಳು.

ನವೆಂಬರಿನ ಮೊದಲ ಶನಿವಾರ ಸಂಜೆಯೆಲ್ಲ ಪಟ್ಟಿ ಕತ್ತರಿಸಿದೆವು. ಪಟ್ಟಿ ಬಾಗಬೇಕಾದರೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಬೇಕು. ಟೈಲರುಗಳು ಕ್ರಾಸ್ ಪಟ್ಟಿ ಎನ್ನುತ್ತಾರೆ. ಅಗಲ ಒಂದೂಕಾಲು ಇಂಚು. ಸೀರೆ ತುಂಬಾ ಸವೆದಿತ್ತು. ಗಟ್ಟಿಯಿದ್ದ ಜಾಗ ಹುಡುಕಿ ಏಳು ತುಂಡು ಮಾಡಿ ಜೋಡಿಸಿದೆವು. ಮೊದಲ ಪರೀಕ್ಷೆಯಲ್ಲೇ ಒಂದು ಬುಟ್ಟ ಸುರುಳಿಯ ಬಾಯಿಗೆ ಸಿಕ್ಕಿಹಾಕಿಕೊಂಡು ಪಟ್ಟಿ ಪರ್ರ್ ಎಂದಿತು. ಕಾಲನ್ನು ಬಿಗಿ ಮಾಡುವ ತಿರುಪು ಸಡಿಲವಿತ್ತು ಎಂದು ನಾನು ತೀರ್ಮಾನಿಸಿ ಬಿಗಿ ಮಾಡಿದೆ. ಬುಟ್ಟಗಳು ಓರೆಸಾಲಿನಲ್ಲಿದ್ದವು. ಆದ್ದರಿಂದ ಅವು ಪಟ್ಟಿಯ ನಡುವೆ ಬರದೆ ಅಂಚಿನಲ್ಲೇ ಬರುವ ಹಾಗೆ ಗೆರೆ ಹಾಕಿ ಬೇರೆ ತುಂಡು ಕತ್ತರಿಸಿದೆ. ಉಳಿದದ್ದೆಲ್ಲ ಕೌದಿಯ ಒಳಪದರಕ್ಕೆ ಹೋಯಿತು. ಈ ಕಾಲು ಚೌಕ ಮೂಲೆಯಲ್ಲಿ ತಿರುಗುವುದಿಲ್ಲ ಎಂದು ವೀಡಿಯೊದಲ್ಲಿ ಹೇಳಿದ್ದರು. ಊಟದ ತಟ್ಟೆ ಇಟ್ಟು ಗೆರೆ ಎಳೆದು ನಾಲ್ಕೂ ಮೂಲೆಯನ್ನು ದುಂಡಗೆ ಮಾಡಿದೆ.

ಭಾನುವಾರ ಮೂರು ಅಂಚು ಮುಗಿಯಿತು. ದೊಡ್ಡಮ್ಮ ತುಳಿದಳು, ನಾನು ಪಟ್ಟಿ ಬಿಟ್ಟುಕೊಟ್ಟೆ. ಆ ದಿನದ ಪುಟ ಈಗಲೂ ಇದೆ. ಕೌದಿ ಮೂವತ್ತು ಇಂಚು ಅಗಲ, ಮೂವತ್ತಾರು ಉದ್ದ. ಕಟ್ಟಿದ್ದು ತೊಂಬತ್ತಾರು. ಸುರುಳಿ ಸುತ್ತಿಟ್ಟ ಪಟ್ಟಿ ಐವತ್ತು, ಅದರಲ್ಲಿ ಎರಡು ಜಾಯಿಂಟು. ಒಂದು ಉದ್ದ ಅಂಚು ಬಾಕಿ. ಮುಗಿದ ಮೇಲೆ ಹದಿನಾಲ್ಕು ಇಂಚು ಉಳಿಯಬೇಕು.

ಇದೆಲ್ಲ ಬರೆದಿದ್ದರಿಂದಲೇ ಮುಂದಿನ ಶನಿವಾರ ನನ್ನ ಹೆಬ್ಬೆರಳು ಹೇಳಿದ್ದನ್ನು ನನಗೆ ಸುಮ್ಮನೆ ಬಿಡಲಾಗಲಿಲ್ಲ.

ಕಾಫಿ ಕುಡಿದು, ದೊಡ್ಡಮ್ಮ ಹಾಲು ತರಲು ಹೋದಾಗ ಕೌದಿಯನ್ನು ಮತ್ತೆ ಹರಡಿದೆ. ನಾಲ್ಕನೆಯ ಅಂಚಿನಲ್ಲಿ ಎರಡು ಜಾಯಿಂಟು ಇರಬೇಕಿತ್ತು, ಒಂದೂ ಇರಲಿಲ್ಲ. ಅದರ ಬದಲು ಮೂರನೆಯ ಮೂಲೆ ತಿರುಗುವಲ್ಲಿ, ನನ್ನ ಪುಟದಲ್ಲಿ ಇಲ್ಲದ ಒಂದು ಜಾಯಿಂಟು ಇತ್ತು. ಅಲ್ಲಿಂದ ಮೂವತ್ತಾರು ಇಂಚು ಒಂದೇ ತುಂಡು. ಅಷ್ಟುದ್ದದ ಓರೆ ಪಟ್ಟಿ ಬರಬೇಕಾದರೆ ಸವೆಯದ ಅಗಲ ಬಟ್ಟೆ ಬೇಕು. ಆ ಸೀರೆಯಲ್ಲಿ ಅಷ್ಟು ಗಟ್ಟಿ ಜಾಗ ಎಲ್ಲೂ ಇರಲಿಲ್ಲ, ಕತ್ತರಿಸಿದವಳು ನಾನೇ.

ಮಷೀನು ನೋಡಿದೆ. ಮಾಮೂಲಿ ಕಾಲು ಹಾಕಿತ್ತು. ಬಸವನಹುಳ ಡಬ್ಬಿಯಲ್ಲಿ, ಹನ್ನೊಂದೂ ಸರಿಯಾಗಿದ್ದವು. ಸುತ್ತಿಟ್ಟ ಪಟ್ಟಿ ಇರಲಿಲ್ಲ. ಚೂರು ಬಟ್ಟೆಯ ಚೀಲವನ್ನು ನೆಲಕ್ಕೆ ಸುರಿದು ಹುಡುಕಿದೆ. ಹಳದಿ, ಹಸಿರು, ಯಾರದೋ ಲುಂಗಿಯ ಚೌಕಳಿ, ಬದನೆಕಾಯಿ ಬಣ್ಣದ ಒಂದು ಎಳೆಯೂ ಇಲ್ಲ.

ಬಾಗಿಲ ಸದ್ದಾಯಿತು. ದೊಡ್ಡಮ್ಮ ನೆಲದ ಮೇಲಿನ ಚೂರುಗಳನ್ನು ನೋಡಿದಳು, ನನ್ನನ್ನು ನೋಡಿದಳು.

“ಏನ್ ಉಡುಕ್ತಿದ್ದೆ?”

“ಉಳಿದ ಪಟ್ಟಿ.”

“ಉಳೀಲಿಲ್ಲ ಕಣವ್ವ. ಸರಿಯಾಗೋಯ್ತು.”

“ಹದಿನಾಲ್ಕು ಇಂಚು ಉಳೀಬೇಕಿತ್ತು.”

“ನಿನ್ ಲೆಕ್ಕ ಪುಸ್ತಕದಲ್ಲಿ ಉಳೀತದೆ. ಮಷೀನಿಗೇನು ಓದಕ್ ಬತ್ತದಾ?” ಎಂದು ಹಾಲಿನ ಪಾತ್ರೆ ಹಿಡಿದು ಒಳಗೆ ಹೋದಳು.

ಆ ಮಾತಿಗೆ ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅಂದು ಅಮ್ಮನ ಮಾತು ನೆನಪಾಯಿತು. ಹಿರೀಸಾವೆಯವರು ಕೂಗಾಡಿದ್ದು ನಿಜವಿರಬಹುದೇ? ಆದರೆ ಈ ಸೀರೆಯಲ್ಲಿ ಕದಿಯುವಂಥದ್ದು ಏನಿತ್ತು? ಐವತ್ತು ಇಂಚು ಸವೆದ ಓರೆ ಪಟ್ಟಿ ಇಟ್ಟುಕೊಂಡು ಯಾರಾದರೂ ಏನು ಮಾಡುತ್ತಾರೆ? ಕದಿಯಲು ಕಾರಣವೇ ಕಾಣದಿದ್ದಾಗ ಅನುಮಾನ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ, ಹಾಗಾಗಲಿಲ್ಲ. ಭಾನುವಾರ ಅವಳು ಸ್ನಾನಕ್ಕೆ ಹೋದಾಗ ನಾನು ಮಂಚದ ಕೆಳಗಿನ ಟ್ರಂಕಿನ ಮುಚ್ಚಳ ಎತ್ತಿದೆ. ಮೇಲೆ ದೊಡ್ಡಪ್ಪನ ಶಾಲು ಇತ್ತು. ಅದರ ಕೆಳಗೆ ಕೈ ಹಾಕುವ ಧೈರ್ಯವಾಗದೆ ಮುಚ್ಚಿದೆ. ಇದನ್ನು ಡೈರಿಯಲ್ಲಿ ಬರೆಯಲಿಲ್ಲ. ನಾನೇ ಮಾಡಿದ್ದೊಂದನ್ನು ಬೇಕೆಂದೇ ಬರೆಯದೆ ಬಿಟ್ಟದ್ದು ಅದೇ ಮೊದಲು.

ಮಧ್ಯಾಹ್ನವೆಲ್ಲ ಅವಳು ನನ್ನ ಕೈಯನ್ನೇ ಗಮನಿಸುತ್ತಿದ್ದಳು, ನಾನು ಅವಳ ಕೈಯನ್ನು. ಪೆನ್ನು ತೆಗೆದರೆ, “ಏನ್ ಬರೀತಿದ್ದೀಯ?” ಎನ್ನುತ್ತಿದ್ದಳು. ಬಸ್ಸಿನ ಟೈಮು ಎಂದರೆ ನಂಬುತ್ತಿರಲಿಲ್ಲ. ನಾವಿಬ್ಬರು ಇಷ್ಟು ಕಡಿಮೆ ಮಾತಾಡಿದ ಭಾನುವಾರ ಇನ್ನೊಂದಿಲ್ಲ.

ಟೀಚರಮ್ಮ ಬಂದದ್ದು ಅದರ ಮುಂದಿನ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಬುಧವಾರ ತೊಟ್ಟಿಲ ಶಾಸ್ತ್ರ. ಕೌದಿಯನ್ನು ಬೆಳಕಿಗೆ ಹಿಡಿದು ನಾಲ್ಕೂ ಕಡೆ ತಿರುಗಿಸಿದರು. ಮುಖ ಗಟ್ಟಿಯಾಯಿತು.

“ಹೂವೆಲ್ಲಿ?”

“ಯಾವ ಊವು?” ದೊಡ್ಡಮ್ಮ ಕೇಳಿದಳು.

“ನಮ್ಮಮ್ಮನ ಸೀರೆ ತುಂಬಾ ಬಿಳಿ ಹೂವಿತ್ತು.” ಮೊಬೈಲ್ ತೆಗೆದು ಫೋಟೊ ತೋರಿಸಿದರು. “ನೋಡಿ. ಇಲ್ಲಿ ಒಂದೂ ಇಲ್ಲ. ಬರೀ ಬಣ್ಣ. ಈ ಬಣ್ಣದ ಬಟ್ಟೆ ಯಾವ ಅಂಗಡೀಲಾದ್ರೂ ಸಿಗತ್ತೆ.”

ದೊಡ್ಡಮ್ಮ ಬಾಗಿಲ ಕಡೆ ನೋಡಿದಳು, ಬೀದಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು. ಎದ್ದು ಹೋಗಿ ಬಾಗಿಲನ್ನು ಅರ್ಧ ಮುಂದೆ ಮಾಡಿ ಬಂದಳು. ಟೀಚರಮ್ಮನಿಗೆ ಅದೂ ಅನುಮಾನವಾಗಿಯೇ ಕಂಡಿತು.

“ಬಾಗಿಲ್ಯಾಕೆ ಹಾಕ್ತೀರಿ?”

“ಕೂಗಾಡ್ಬೇಡಿ ಅಂತ.”

“ನಾನೆಲ್ಲಿ ಕೂಗಾಡಿದೆ?”

ನಾನು ನಡುವೆ ಬಾಯಿ ಹಾಕಿದೆ. “ಹೂವು ಒಳಗಿದಾವೆ, ಟೀಚರ್. ಈ ಕಾಲು ಪಟ್ಟಿನ ಎರಡೂ ಕಡೆ ಒಳಕ್ಕೆ ಮಡಿಸುತ್ತೆ. ನಡುವೆ ಬಂದ್ರೆ ಸಿಕ್ಕಿಹಾಕ್ಕೊಳ್ತಿತ್ತು ಅಂತ ನಾನೇ ಹೂವನ್ನ ಅಂಚಿಗೆ ಬರೋ ಥರ ಕತ್ತರಿಸ್ದೆ.”

“ಹಾಗಂದ್ರೆ ನೋಡೋದು ಹೇಗೆ?”

“ಬಿಚ್ಚಬೇಕು.”

ದೊಡ್ಡಮ್ಮ ಬ್ಲೇಡು ತಂದು ಮೊದಲನೆಯ ಅಂಚಿನಲ್ಲಿ ಒಂದು ಗೇಣು ಹೊಲಿಗೆ ಬಿಚ್ಚಿದಳು. ಮಡಿಕೆ ಅಗಲವಾಯಿತು. ಒಳಗೆ ಅರ್ಧಕ್ಕೆ ಕತ್ತರಿಸಿದ ಬಿಳಿ ಬುಟ್ಟಗಳು ಸಾಲಾಗಿದ್ದವು, ಒಂದು, ಎರಡು, ಮೂರು. ಟೀಚರಮ್ಮ ಕನ್ನಡಕ ಹಾಕಿಕೊಂಡು ಮೂರನ್ನೂ ಮುಟ್ಟಿದರು. ಉಸಿರು ಬಿಟ್ಟರು.

“ಬೇಜಾರ್ ಮಾಡ್ಕೋಬೇಡಿ. ನನ್ನ ಬುದ್ಧಿನೇ ಹೀಗೆ.” ಆಮೇಲೆ ಕೌದಿಯನ್ನು ತಿರುಗಿಸಿ, ನಾಲ್ಕನೆಯ ಅಂಚನ್ನು ಮೇಲೆ ತಂದು, “ಇಲ್ಲೂ ಒಂದು ಚೂರು ಬಿಚ್ಚಿ. ಉದ್ದದ ಕಡೆ ಎಷ್ಟು ಹೂವು ಬಂದಿದೆ ನೋಡೋಣ. ಅಂಚು ಯಾರ್ದು ಅಂತ ಕೇಳಿದವ್ರಿಗೆ ಬೆರಳಿಟ್ಟು ಹೇಳ್ಬಹುದು.”

ಬ್ಲೇಡು ದೊಡ್ಡಮ್ಮನ ಕೈಯಲ್ಲೇ ಇತ್ತು. ಅವಳು ಅಲುಗಾಡಲಿಲ್ಲ. ಟೀಚರಮ್ಮ ಅವಳ ಮುಖ ನೋಡಿ, ನನ್ನ ಕಡೆ ತಿರುಗಿದರು. ಎದುರಿಗೆ ನನ್ನ ಡೈರಿ ಇತ್ತು.

“ನೀನು ಎಲ್ಲಾ ಬರ್ಕೊಳ್ತೀಯಂತಲ್ಲಮ್ಮ. ನಾಲ್ಕೂ ಕಡೆ ನಮ್ಮಮ್ಮನ್ದೇ ತಾನೇ?”

ಹೌದು ಎನ್ನಲು ಬಾಯಿ ಬರಲಿಲ್ಲ. ಇಲ್ಲ ಎನ್ನಬೇಕಾದರೆ ದೊಡ್ಡಮ್ಮನನ್ನು ನೋಡದೆ ಹೇಳಬೇಕಿತ್ತು. ಈ ಕೌದಿಯ ಅಂಚು ಬೇರೆ ಯಾರದೋ ಎಂಬ ಮಾತು ಚನ್ನರಾಯಪಟ್ಟಣದಲ್ಲಿ ಹರಡಿದರೆ ದೊಡ್ಡಮ್ಮನ ಕೈಗೆ ಇನ್ನು ಯಾರೂ ಬಟ್ಟೆ ಕೊಡುವುದಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಅವಳ್ನ ಕೇಳ್ಬೇಡಿ,” ದೊಡ್ಡಮ್ಮ ಹೇಳಿದಳು. “ಮೂರ್ ಕಡೆ ನಿಮ್ಮಮ್ಮಂದು. ನಾಕನೇದು ನಂದು.”

“ನಿಮ್ದು ಅಂದ್ರೆ?”

ದೊಡ್ಡಮ್ಮ ಮಂಚದ ಕೆಳಗಿನ ಟ್ರಂಕು ಎಳೆದಳು. ಶಾಲಿನ ಕೆಳಗಿನಿಂದ ಎರಡು ವಸ್ತು ತೆಗೆದಳು. ಒಂದು ಅವಳದೇ ಸೀರೆ, ಬದನೆಕಾಯಿ ಬಣ್ಣದ್ದು, ಹೂವಿಲ್ಲದ್ದು, ಮನೆಯಲ್ಲಿ ಉಡುತ್ತಿದ್ದದ್ದು. ಅದರ ಒಳತುದಿ, ಉಟ್ಟಾಗ ಸೊಂಟದೊಳಕ್ಕೆ ಸಿಕ್ಕಿಸುವ ಭಾಗ, ಓರೆಯಾಗಿ ಕತ್ತರಿಸಿ ಹೋಗಿತ್ತು. ಇನ್ನೊಂದು ಕಾಗದದ ಪೊಟ್ಟಣ. ಬಿಚ್ಚಿದರೆ ಅದರಲ್ಲಿ ನಮ್ಮ ಪಟ್ಟಿ. ಪಟ್ಟಿ ಎನ್ನುವಂತಿರಲಿಲ್ಲ, ಸೀಗಡಿ ಮೀಸೆಯ ಹಾಗೆ ಎಳೆ ಎಳೆಯಾಗಿ ಸಿಗಿದ ಚೂರುಗಳು.

“ಸೋಮವಾರ ನೀನು ಬಸ್ಸಿಗ್ ಓದ್ ಮ್ಯಾಲೆ ಕೂತ್ಕೊಂಡೆ,” ಅವಳು ನನಗೇ ಹೇಳುತ್ತಿದ್ದಳು, ಟೀಚರಮ್ಮನಿಗಲ್ಲ. “ನಾಕು ಬೆರಳು ಓಗಿತ್ತು ಅಷ್ಟೇ. ಹುಳ ಒಳಗೇ ಇಡ್ಕೊಂತು. ಬುಡಿಸ್ದೆ, ಅರೀತು. ಮುಂದಕ್ಕ್ ಎಳ್ದೆ, ಮತ್ತೂ ಅರೀತು. ಐವತ್ತು ಇಂಚು, ಒಂದ್ ಗೇಣು ಬಿಡ್ದಂಗೆ ತಿಂದಾಕ್ತು.”

“ನನಗ್ಯಾಕೆ ಹೇಳ್ಲಿಲ್ಲ?” ನಾನು ಕೇಳಿದೆ.

“ಏಳಿದ್ರೆ ನೀನು ಬರ್ಕೊಳ್ತಿದ್ದೆ.”

ನಾನು ಡೈರಿಯನ್ನು ಪಕ್ಕಕ್ಕೆ ಸರಿಸಿದೆ. ಎದ್ದು ಡಬ್ಬಿಯಿಂದ ಆ ಕಾಲು ತೆಗೆದೆ. ಲ್ಯಾಬಿನ ಅಭ್ಯಾಸಕ್ಕೆ ನನ್ನ ಚೀಲದಲ್ಲಿ ಯಾವಾಗಲೂ ಹತ್ತಿ ಇರುತ್ತದೆ. ಒಂದು ಎಸಳು ಹತ್ತಿಯನ್ನು ಸುರುಳಿಯೊಳಗೆ ತೂರಿಸಿ ಎಳೆದೆ. ಹೊರಬರುವಾಗ ಅರ್ಧ ಹತ್ತಿ ಒಳಗೇ ಉಳಿಯಿತು. ಸುರುಳಿಯ ಒಳತುಟಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಹಿತ್ತಾಳೆ ಮುಳ್ಳಿನಷ್ಟು ಎದ್ದಿತ್ತು. ಹೊಸ ಬಟ್ಟೆಯಾಗಿದ್ದರೆ ಅದನ್ನು ದಾಟಿ ಹೋಗುತ್ತಿತ್ತೇನೋ. ಆ ಸೀರೆಗೆ ದಾಟುವ ಶಕ್ತಿ ಉಳಿದಿರಲಿಲ್ಲ. ಮೊದಲ ದಿನ ಪರ್ರ್ ಎಂದಾಗಲೇ ನೋಡಬೇಕಿತ್ತು. ನಾನು ತಿರುಪು ಬಿಗಿ ಮಾಡಿ, ಅದನ್ನೇ ಕಾರಣ ಎಂದು ಬರೆದಿಟ್ಟಿದ್ದೆ.

ಹತ್ತಿ ಸಿಕ್ಕಿಕೊಂಡ ಕಾಲನ್ನು ಟೀಚರಮ್ಮನಿಗೆ ತೋರಿಸಿದೆ. “ಇದು ನನ್ನ ತಪ್ಪು. ಹಾಕಿಸಿದ್ದು ನಾನೇ.”

ಅವರು ಅದನ್ನು ನೋಡಲಿಲ್ಲ. ಪೊಟ್ಟಣದಿಂದ ಒಂದು ಚೂರು ತೆಗೆದುಕೊಂಡು ಎರಡು ಬೆರಳಿನ ನಡುವೆ ಮೆಲ್ಲಗೆ ಎಳೆದರು. ಅದು ಸದ್ದಿಲ್ಲದೆ ಎರಡಾಯಿತು. ಇನ್ನೊಂದನ್ನು ತೆಗೆದರು. ಅದೂ ಹಾಗೆಯೇ. ನಾಲ್ಕನೆಯದಕ್ಕೆ ನಿಲ್ಲಿಸಿದರು.

“ನನ್ನ ಕೈಲೂ ಹರಿಯತ್ತಲ್ಲ,” ಎಂದರು.

“ಅದುಕ್ಕೇ ನಂದ್ ಆಕ್ದೆ,” ದೊಡ್ಡಮ್ಮನ ದನಿ ಈಗ ಇಳಿದಿತ್ತು. “ಅಂಗಡಿ ಬಟ್ಟೆ ಆಕಕ್ಕೆ ಮನ್ಸ್ ಬರ್ಲಿಲ್ಲ, ಮಗೀಗ್ ಒರಟಾಯ್ತದೆ. ಇದು ಉಟ್ಟಿರಾದು. ಆದ್ರೆ ಟೀಚರಮ್ಮ, ಗಂಡ ಇಲ್ದೋಳ್ ಸೀರೆ ತೊಟ್ಲಿಗ್ ಆಕಿದ್ಲು ಅಂತ ನೀವು ಅಂದ್ರೆ ನಾನೇನ್ ಅನ್ನಕ್ಕಾಯ್ತದೆ? ಅದುಕ್ಕೆ ಬಾಯ್ ಮುಚ್ಕೊಂಡಿದ್ದೆ.”

ಟೀಚರಮ್ಮ ಕನ್ನಡಕ ತೆಗೆದರು. “ನಮ್ಮಮ್ಮ ಏನು ಮುತ್ತೈದೆಯಾಗಿ ಹೋದ್ರಾ? ನಮ್ಮಪ್ಪ ಹೋದಾಗ ನಂಗೆ ಆರು ವರ್ಷ. ಈ ಸೀರೆ ತಗೊಂಡಿದ್ದೇ ಅದಾದ್ಮೇಲೆ. ಆ ಮಾತು ನನ್ನ ಹತ್ರ ಆಡ್ಬೇಡಿ.”

ದೊಡ್ಡಮ್ಮ ತಲೆ ತಗ್ಗಿಸಿದಳು.

“ನಂಗೆ ಕೋಪ ಇರೋದು ಅದಕ್ಕಲ್ಲ. ಹರೀತು ಅಂತ ಒಂದು ಫೋನ್ ಮಾಡ್ಬೇಕಿತ್ತು. ನಾನು ಬಿಚ್ಚಿ ಅನ್ನದೇ ಇದ್ದಿದ್ರೆ ಬುಧವಾರ ನೂರು ಜನದ ಮುಂದೆ ಇದು ನಮ್ಮಮ್ಮಂದು ಅಂತ ಹೇಳ್ತಿದ್ದೆ. ಸುಳ್ಳು ಹೇಳ್ತಿದ್ದೆ, ನನಗೇ ಗೊತ್ತಿಲ್ದೆ.”

“ತಪ್ಪಾಯ್ತು.”

ಟೀಚರಮ್ಮ ನಾಲ್ಕನೆಯ ಅಂಚನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದರು. ಬಿಚ್ಚಿ ತೆಗೆದುಬಿಡಿ ಎನ್ನುತ್ತಾರೆ ಎಂದುಕೊಂಡೆ. ಕೌದಿಯನ್ನು ಇಲ್ಲೇ ಬಿಟ್ಟು ಎದ್ದು ಹೋಗುತ್ತಾರೆ ಎಂದೂ ಅನ್ನಿಸಿತು. ಕೊನೆಗೆ ಅವರು ಚೂರುಗಳ ಪೊಟ್ಟಣವನ್ನು ದೊಡ್ಡಮ್ಮನ ಮುಂದೆ ಸರಿಸಿದರು.

“ಈ ಅಂಚು ಬಿಚ್ಚಿ. ಇವನ್ನ ಒಳಗೆ ಹಾಕಿ, ಮೇಲೆ ನಿಮ್ಮ ಸೀರೆನೇ ಮಡಿಸಿ ಮತ್ತೆ ಹೊಲೀರಿ. ನಾನು ಕೂತ್ಕೊಂಡು ನೋಡ್ತೀನಿ.”

“ನೋಡಿ,” ದೊಡ್ಡಮ್ಮ ಹೇಳಿದಳು. “ಕೂತ್ಕಂಡೇ ನೋಡಿ. ನಂಗೂ ಒಳ್ಳೇದು.”

ನಾಲ್ಕನೆಯ ಅಂಚನ್ನು ನಾನು ಬಿಚ್ಚಿದೆ. ದೊಡ್ಡಮ್ಮ ಮಾಮೂಲಿ ಕಾಲಿನಲ್ಲಿ ಒಂದು ಸುತ್ತು ಹೊಲಿದಳು. ಆಮೇಲೆ ಪಟ್ಟಿಯನ್ನು ಬೆರಳಿನಿಂದ ತಿರುಗಿಸಿ, ಎರಡು ಇಂಚಿಗೊಮ್ಮೆ ನಿಲ್ಲಿಸಿ, ಒಂದೊಂದೇ ಚೂರನ್ನು ಮಡಿಕೆಯೊಳಗೆ ಒತ್ತಿ ಇಟ್ಟಳು. ಟೀಚರಮ್ಮ ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿ ಕೂತು ಪ್ರತಿಯೊಂದೂ ಒಳಗೆ ಹೋಗುವುದನ್ನು ನೋಡಿದರು. ಒಂದು ಚೂರು ಮಷೀನಿನ ಕೆಳಗೆ ಬಿದ್ದಾಗ ಅವರೇ ಬಗ್ಗಿ ಹೆಕ್ಕಿಕೊಟ್ಟರು. ಮೊದಲನೆಯ ಅಂಚಿನಲ್ಲಿ ಬಿಚ್ಚಿದ್ದ ಗೇಣನ್ನೂ ಹೊಲಿದು ಮುಗಿಸುವಾಗ ಮಧ್ಯಾಹ್ನ ಮೂರಾಗಿತ್ತು. ನಾಲ್ಕನೆಯ ಅಂಚು ಅಲ್ಲಲ್ಲಿ ಉಬ್ಬಿತ್ತು, ಹೊಲಿಗೆ ಅಲೆಯಾಗಿತ್ತು.

“ಈಗ ಯಾರಾದ್ರೂ ಕೇಳಿದ್ರೆ?” ದೊಡ್ಡಮ್ಮ ಕೇಳಿದಳು.

“ಮೂರು ಕಡೆ ನಮ್ಮಮ್ಮಂದು, ಒಂದು ಕಡೆ ಹೊಲಿದೋರ್ದು ಅಂತೀನಿ. ಇಷ್ಟ ಇಲ್ದೋರು ತೊಟ್ಲು ತೂಗೋದು ಬೇಡ.”

ಬಸ್ ನಿಲ್ದಾಣದವರೆಗೆ ನಾನು ಅವರ ಜೊತೆ ಹೋದೆ. ದಾರಿಯಲ್ಲಿ ಅವರು ದೊಡ್ಡಮ್ಮನ ಕೈಕೆಲಸದ ಬಗ್ಗೆ ಒಳ್ಳೆಯದನ್ನೂ ಆಡಲಿಲ್ಲ, ಕೆಟ್ಟದ್ದನ್ನೂ ಆಡಲಿಲ್ಲ. ನಿಲ್ದಾಣದಲ್ಲಿ ನಿಂತ ಮೇಲೆ ಕೇಳಿದರು:

“ನಿಜ ಹೇಳಮ್ಮ. ನಾನು ಕೇಳದೇ ಇದ್ದಿದ್ರೆ ನಿಮ್ಮ ದೊಡ್ಡಮ್ಮ ಹೇಳ್ತಿದ್ರಾ?”

“ಗೊತ್ತಿಲ್ಲ ಟೀಚರ್.”

“ನೀನು? ನಿಂಗೆ ಎಂಟು ದಿನದಿಂದ ಗೊತ್ತಿತ್ತು ಅಲ್ವಾ?”

ಅವರು ಹೇಗೆ ಊಹಿಸಿದರೋ. ನನ್ನ ಮುಖ ನೋಡಿಯೇ ಇರಬೇಕು. ಎಂಟು ದಿನ ಎನ್ನುವ ಲೆಕ್ಕವೂ ಸರಿಯಾಗಿತ್ತು, ನಾನು ಶನಿವಾರ ಶನಿವಾರ ಬರುವುದು ಅವರಿಗೆ ಗೊತ್ತಿರಬೇಕು. ನಾನು ಏನಾದರೂ ಹೇಳುವ ಮೊದಲೇ ಚನ್ನರಾಯಪಟ್ಟಣದ ಬಸ್ಸು ಬಂತು. ಅವರು ಹತ್ತಿ ಕಿಟಕಿಯ ಪಕ್ಕ ಕೂತರು. ಕೌದಿಯನ್ನು ಚೀಲದಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸು ಹೊರಡುವವರೆಗೂ ಅಂಚಿನ ಉಬ್ಬುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದರು. ನನ್ನ ಕಡೆ ನೋಡಲಿಲ್ಲ.